ಹಿಂಚಕ್ರಕ್ಕೆ ಅಡ್ಡವಿದ್ದ ಕೆಂಪು ಮರದ ತುಂಡು

ನಾನು, ವರ್ಕ್‌ಶಾಪಿನಲ್ಲೂ ಬೀದಿಯಲ್ಲೂ ಕಿಡಿ ಎಂದು ಕರೆಸಿಕೊಳ್ಳುವವಳು, ವಯಸ್ಸು ಇಪ್ಪತ್ತೆರಡು, ಉದ್ಯೋಗ ಮೋಟಾರು ರಿಪೇರಿ, ವಾಸ ಗೋದಾಮು ರಸ್ತೆಯಲ್ಲಿರುವ ನನ್ನ ಸೋದರತ್ತೆಯ ವರ್ಕ್‌ಶಾಪಿನ ಮೇಲಿನ ಕೋಣೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಮುಚ್ಚಿದ ಪೆಟ್ರೋಲ್ ಬಂಕಿನಲ್ಲಿ ಇದೇ ತಿಂಗಳ 11ನೇ ತಾರೀಖು ಶನಿವಾರ ಸಂಜೆ 5 ಗಂಟೆ 21 ನಿಮಿಷಕ್ಕೆ ನಡೆದ ಅಪಘಾತದ ಬಗ್ಗೆ ಈ ಠಾಣೆಯಲ್ಲಿ ಈಗಾಗಲೇ ಎರಡು ಹೇಳಿಕೆಗಳಿವೆ. ಒಂದು ಫೋಟೋಗ್ರಾಫರ್ ಕೊಟ್ಟದ್ದು, ಇನ್ನೊಂದು ನನ್ನ ಅತ್ತೆ ಕೊಟ್ಟದ್ದು. ಕಾರಿನ ಚಕ್ರಕ್ಕೆ ಅಡ್ಡ ಮರ ಇಟ್ಟಿರಲೇ ಇಲ್ಲ ಎಂದು ಎರಡೂ ಹೇಳುತ್ತವೆ. ಎರಡೂ ಸುಳ್ಳು. ಎರಡು ಹೇಳಿಕೆ ತಾಳೆಯಾಗಿವೆ, ಮೂರನೆಯದು ಯಾಕೆ ಎಂದು ಬರಹಗಾರ ಪೇದೆಯವರು ನನ್ನನ್ನು ಕೇಳಿದರು. ಎರಡು ಸುಳ್ಳು ಒಂದಕ್ಕೊಂದು ತಾಳೆಯಾದ ಮಾತ್ರಕ್ಕೆ ನಿಜವಾಗುವುದಿಲ್ಲ ಎಂದು ನಾನು ಹೇಳಿದೆ. ಅದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ.

ನನ್ನ ಏಳನೇ ವಯಸ್ಸಿನಿಂದ ನನ್ನನ್ನು ಸಾಕಿದವರು ಅತ್ತೆ. ಅವರಿಗೆ ಐವತ್ತನಾಲ್ಕು ವರ್ಷ. ಮೂವತ್ತೊಂದು ವರ್ಷದಿಂದ ಮೆಕ್ಯಾನಿಕ್ ಕೆಲಸ ಮಾಡುತ್ತಿದ್ದಾರೆ. ವರ್ಕ್‌ಶಾಪಿನ ಪರವಾನಗಿ ಅವರ ಹೆಸರಿನಲ್ಲಿದೆ. ಅಪಘಾತವಾದ ಕಾರೂ ಅವರದೇ. 1956ರ ಕಾರು, ಉದ್ದ 17 ಅಡಿ, ತೂಕ ಒಂದೂವರೆ ಟನ್ನಿಗೆ ಸ್ವಲ್ಪ ಹೆಚ್ಚು, ಬಣ್ಣ ಕೆನೆ ಮತ್ತು ತಿಳಿಹಸಿರು, ಹಿಂದೆ ಮೀನಿನ ಬಾಲದ ಹಾಗೆ ಎದ್ದ ಎರಡು ರೆಕ್ಕೆ. ಗುಜರಿಯಿಂದ ಅದನ್ನು ಎಳೆದು ತಂದ ದಿನ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮರಿ ಹೊರಬರುವವರೆಗೆ ಅತ್ತೆ ಹಿಂದಿನ ಸೀಟಿನ ಕೆಲಸಕ್ಕೆ ಕೈ ಹಚ್ಚಲಿಲ್ಲ. ಬೇರೆ ಗಾಡಿಗಳ ಕೆಲಸ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಒಂಬತ್ತು ವರ್ಷ ಅದರ ರಿಪೇರಿ ನಡೆಯಿತು. ವರ್ಕ್‌ಶಾಪಿನಲ್ಲಿ ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಾರೆ.

ನಮ್ಮ ವರ್ಕ್‌ಶಾಪಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಿಂತ ಗಾಡಿ ಉರುಳದಂತೆ ಚಕ್ರಕ್ಕೆ ಒಂದು ಮರದ ತುಂಡನ್ನು ಅಡ್ಡ ಇಡುತ್ತೇವೆ. ಅದಕ್ಕೆ ಕೆಂಪು ಬಣ್ಣ ಬಳಿದಿದೆ, ಎಳೆಯಲು ಒಂದು ಹಗ್ಗ ಇದೆ, ಉದ್ದ 14 ಇಂಚು. ಅದನ್ನು ಇಟ್ಟವರು ಗಟ್ಟಿಯಾಗಿ ‘ಇಟ್ಟೆ’ ಎನ್ನಬೇಕು. ತೆಗೆದವರು ‘ತೆಗೆದೆ’ ಎನ್ನಬೇಕು. ಹತ್ತಿರವಿದ್ದವರು ‘ಕೇಳಿದೆ’ ಎಂದು ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಯಾರೂ ಗಾಡಿಯನ್ನು ಮುಟ್ಟುವಂತಿಲ್ಲ. ಅತ್ತೆ ಕೆಲಸ ಕಲಿತ ಶೆಡ್ಡಿನಲ್ಲಿ ಜೊತೆಗಾರನೊಬ್ಬನ ಪಾದದ ಮೇಲೆ ಲಾರಿ ಹತ್ತಿತ್ತಂತೆ. ಮರ ಇದೆ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಅಂದಿನಿಂದ ಅತ್ತೆ ಕಣ್ಣನ್ನು ನಂಬುವುದಿಲ್ಲ. ಕಣ್ಣು ತನಗೆ ಬೇಕಾದದ್ದನ್ನು ಮಾತ್ರ ನೋಡುತ್ತದೆ, ಕಿವಿಗೆ ಆ ಜಾಣತನ ಇಲ್ಲ, ಆದ್ದರಿಂದ ಕಿವಿಯನ್ನು ನಂಬು ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

10ನೇ ತಾರೀಖು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಫೋಟೋಗ್ರಾಫರ್ ವರ್ಕ್‌ಶಾಪಿಗೆ ಬಂದರು. ಇವರ ಸ್ಟುಡಿಯೋ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದೆ. ಹಳೆಯ ಕಾಲದ ಕ್ಯಾಲೆಂಡರುಗಳಲ್ಲಿ ಬರುತ್ತಿದ್ದ ಪಿನ್-ಅಪ್ ಚಿತ್ರಗಳ ಮಾದರಿಯಲ್ಲಿ ಗಿರಾಕಿಗಳ ಫೋಟೋ ತೆಗೆಯುವುದು ಇವರ ವಿಶೇಷ. ಚುಕ್ಕೆ ಚುಕ್ಕೆಯ ಫ್ರಾಕು, ಸುರುಳಿ ಸುತ್ತಿದ ಕೂದಲು, ಕೆಂಪು ತುಟಿ, ಹಿಂದೆ ಒಂದು ಹಳೇ ಕಾರು. ಮರುದಿನ ಸಂಜೆ ಒಬ್ಬ ಗಿರಾಕಿ ಇದ್ದಾರೆ, ಅವರು ಕಾರು ರಿಪೇರಿ ಮಾಡುತ್ತಿರುವ ಹಾಗೆ ತೆಗೆಯಬೇಕು, ಅಜ್ಜಿಯನ್ನು ಕೊಡಿ ಎಂದು ಅವರು ಕೇಳಿದರು. ಗಿರಾಕಿಯ ಕೈಗೆ ಹೊಳೆಯುವ ಒಂದು ಸ್ಪ್ಯಾನರ್ ಬೇಕೆಂದರು. ನಮ್ಮ ಸ್ಪ್ಯಾನರುಗಳನ್ನೆಲ್ಲ ತಿರುಗಿಸಿ ನೋಡಿ, ಒಂದಾದರೂ ಹೊಸದಿಲ್ಲವೇ ಎಂದರು. ಕೆನ್ನೆಯ ಮೇಲೆ ಗ್ರೀಸಿನ ಕಲೆ ಬೇಕು, ಆದರೆ ನಿಜವಾದ ಗ್ರೀಸ್ ಬೇಡ, ಅದನ್ನು ಕಾಡಿಗೆಯಲ್ಲಿ ಬರೆಯುತ್ತೇನೆ ಎಂದರು.

ಕಾರು ರಿಪೇರಿ ಮಾಡುವ ಹೆಂಗಸಿನ ಫೋಟೋ ಬೇಕಾದರೆ ಅವಳು ನಿಮ್ಮ ಎದುರಿಗೇ ನಿಂತಿದ್ದಾಳೆ, ಕೆನ್ನೆಯ ಮೇಲೆ ನಿಜವಾದ ಗ್ರೀಸೇ ಇದೆ, ತೆಗೆಯಿರಿ ಎಂದು ನಾನು ಹೇಳಿದೆ. ಫೋಟೋಗ್ರಾಫರ್ ನಕ್ಕರು. ನಿಜವಾದದ್ದು ಲೈಟಿಗೆ ಚೆನ್ನಾಗಿ ಬರುವುದಿಲ್ಲ ಎಂದರು. ಅಷ್ಟಕ್ಕೆ ನನಗೆ ಅಂಥ ಕೋಪ ಬರುತ್ತಿರಲಿಲ್ಲ. ಆದರೆ ಅತ್ತೆಯೂ ನಕ್ಕರು. “ನನ್ನ ಮುಖ ನೋಡಿದ್ರೆ ಅಜ್ಜಿ ಸ್ಟಾರ್ಟೇ ಆಗಲ್ಲ” ಎಂದರು.

ಆ ದಿನವಿಡೀ ನಾನು ಅತ್ತೆಯೊಡನೆ ವಾದ ಮಾಡಿದೆ. ದುಡಿಯುವ ಹೆಂಗಸಿನ ಶ್ರಮವನ್ನು ಅಳಿಸಿ ಅವಳ ಜಾಗದಲ್ಲಿ ಒಂದು ಗೊಂಬೆಯನ್ನು ನಿಲ್ಲಿಸುವುದು ಎಂಥ ಅನ್ಯಾಯ ಎಂಬ ಬಗ್ಗೆ ನಾನು ಓದಿದ ಎರಡು ಕಿರುಹೊತ್ತಿಗೆಗಳನ್ನು ಅವರ ಟೂಲ್ ಬಾಕ್ಸಿನ ಮೇಲೆ ಇಟ್ಟೆ. ಅತ್ತೆ ಒಂದನ್ನು ಎತ್ತಿ, ಕಾಗದ ಒಳ್ಳೆಯದು, ಎಣ್ಣೆ ಹೀರುತ್ತದೆ ಎಂದರು. ರಾತ್ರಿ 8 ಗಂಟೆ 40 ನಿಮಿಷಕ್ಕೆ, ಊಟದ ತಟ್ಟೆಯ ಮುಂದೆ, ಫೋಟೋಗ್ರಾಫರಿಗೆ ಅಜ್ಜಿಯನ್ನು ಕೊಡುವುದಿಲ್ಲ ಎಂದು ಹೇಳುವವರೆಗೆ ನಾನು ನಿಮ್ಮೊಡನೆ ಮಾತಾಡುವುದಿಲ್ಲ ಎಂದು ಹೇಳಿ ಎದ್ದೆ. ಮನೆಯಲ್ಲಿ ಅಂತೂ ಸ್ವಲ್ಪ ನೆಮ್ಮದಿ ಎಂದು ಅತ್ತೆ ಅಂದರು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲ ಕೆಳಗಿನಿಂದ ಕೂಗಿ ಹೇಳಿದರು: “ಒಂಬತ್ತು ವರ್ಷ ಕತ್ತಲೆ ಶೆಡ್ಡಲ್ಲಿ ನಿಂತಿದಾಳೆ ಕಣೇ. ಒಂದಿನ ಬಿಸಿಲಲ್ಲಿ ನಿಲ್ಲಲಿ, ನಾಲ್ಕು ಜನ ನೋಡ್ಲಿ.” ನಾನು ಉತ್ತರ ಕೊಡಲಿಲ್ಲ. ‘ಮೌನವೂ ಒಂದು ಆಯುಧ’ ಎಂದು ಒಂದು ಕಿರುಹೊತ್ತಿಗೆಯ ಹಿಂಬದಿಯಲ್ಲಿ ಅಚ್ಚಾಗಿತ್ತು. ಅದನ್ನು ಕತ್ತರಿಸಿ ನನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದೆ.

11ನೇ ತಾರೀಖು ಶನಿವಾರ ಬೆಳಿಗ್ಗೆ ಅತ್ತೆ ಎರಡು ಗಂಟೆ ಕಾಲ ಅಜ್ಜಿಯ ನಾಲ್ಕೂ ವೀಲ್‌ಕಪ್ಪುಗಳನ್ನು, ಅಂದರೆ ಚಕ್ರದ ನಡುವಿನ ಬಟ್ಟಲಿನಂಥ ಹೊಳೆಯುವ ಮುಚ್ಚಳಗಳನ್ನು, ಹಳೇ ಬನಿಯನ್ ಬಟ್ಟೆಯಿಂದ ಉಜ್ಜಿದರು. ಕೊನೆಗೆ ಅದರಲ್ಲಿ ಮುಖ ನೋಡಿಕೊಂಡು ಹುಬ್ಬು ತೀಡಿಕೊಂಡರು. ನನ್ನನ್ನು ನಗಿಸಲು ಹಾಗೆ ಮಾಡಿದರು. ನಾನು ನಗಲಿಲ್ಲ.

ಮಧ್ಯಾಹ್ನ 2 ಗಂಟೆ 30 ನಿಮಿಷಕ್ಕೆ ಕಾರು ವರ್ಕ್‌ಶಾಪಿನಿಂದ ಹೊರಟಿತು. 1.2 ಕಿಲೋಮೀಟರ್ ದೂರದ ಬಂಕನ್ನು 2 ಗಂಟೆ 50ಕ್ಕೆ ತಲುಪಿದೆವು. ಆ ಬಂಕು ಆರು ವರ್ಷದಿಂದ ಮುಚ್ಚಿದೆ. ಎರಡು ಪಂಪುಗಳ ಗೂಡು ಮಾತ್ರ ಉಳಿದಿವೆ. ಪಂಪುಗಳ ಕೆಳಗೆ ಒಂದು ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಇದೆ. ನೆಲ ಆ ಕಟ್ಟೆಯ ಕಡೆಗೆ ಇಳಿಜಾರು. ಎಷ್ಟು ಎಂದು ನಾನು ಸೋಮವಾರ ಒಬ್ಬಳೇ ಹೋಗಿ ನೀರು ತುಂಬಿದ ಕೊಳವೆ ಹಿಡಿದು ಅಳೆದಿದ್ದೇನೆ. ಹತ್ತು ಅಡಿಗೆ ಮೂರು ಇಂಚು. ಕಾರನ್ನು ಕಟ್ಟೆಗೆ ಮುಖಮಾಡಿ ನಿಲ್ಲಿಸಲಾಯಿತು. 3 ಗಂಟೆ 10 ನಿಮಿಷಕ್ಕೆ ಅತ್ತೆ ಎಡಗಡೆಯ ಹಿಂಚಕ್ರದ ಮುಂದೆ ಕೆಂಪು ಮರ ಇಟ್ಟು, ಕಾಲಿನಿಂದ ಒದ್ದು ಬಿಗಿಮಾಡಿ, ‘ಇಟ್ಟೆ’ ಎಂದರು. ನಾನು ‘ಕೇಳಿದೆ’ ಎನ್ನಬೇಕಿತ್ತು. ಎನ್ನಲಿಲ್ಲ. ಸ್ಪ್ಯಾನರಿನಿಂದ ಟೂಲ್ ಬಾಕ್ಸಿನ ಮುಚ್ಚಳಕ್ಕೆ ಒಂದು ಏಟು ಹೊಡೆದೆ. ಸರಿ, ಸ್ಪ್ಯಾನರ್ ಭಾಷೆಯೂ ತನಗೆ ಬರುತ್ತದೆ ಎಂದು ಅತ್ತೆ ಹೇಳಿದರು.

3 ಗಂಟೆ 25ಕ್ಕೆ ಗಿರಾಕಿ ಬಂದರು. ಅವರು ಮುಖ್ಯ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವರು, ವಯಸ್ಸು ನಲವತ್ತೆಂಟು. ಪಾರ್ಸೆಲ್ ಅಕ್ಕ ಎಂದರೆ ಈ ಠಾಣೆಯವರಿಗೂ ಗೊತ್ತು. ಬಂಕಿನ ಹಳೇ ಆಫೀಸು ಕೋಣೆಯಲ್ಲಿ ಅವರು ಬಟ್ಟೆ ಬದಲಿಸಿದರು. ಬಾಗಿಲಿಗೆ ಚಿಲಕ ಇರಲಿಲ್ಲ. ನಾನು ಒಳಗಿನಿಂದ ಬೆನ್ನು ಕೊಟ್ಟು ನಿಂತಿದ್ದೆ. ಆಗ ನಾನು ಅವರಿಗೆ, ಹೆಣ್ಣಿನ ದೇಹ ಪ್ರದರ್ಶನದ ವಸ್ತುವಲ್ಲ, ನಿಮ್ಮ ವಯಸ್ಸಿನವರು ನಮಗೆ ದಾರಿ ತೋರಿಸಬೇಕು, ಇದೇನು ವೇಷ ಎಂದು ಹೇಳಿದೆ. ಅವರು ಕನ್ನಡಿ ನೋಡುತ್ತ ತುಟಿಗೆ ಬಣ್ಣ ಹಚ್ಚುತ್ತಿದ್ದರು. ಹಚ್ಚಿ ಮುಗಿಸಿ ಹೇಳಿದರು:

“ಇಪ್ಪತ್ತಾರು ವರ್ಷ ಗಾಜಿನ ಹಿಂದೆ ಕೂತಿದೀನಿ ಪುಟ್ಟಿ. ಎದುರಿಗೆ ನಿಂತೋರೆಲ್ಲ ನೋಡೋದು ತಕ್ಕಡಿ ಮುಳ್ಳನ್ನ. ಒಂದಿನ ನನ್ನ ನೋಡ್ಲಿ.”

ಅವರ ಫ್ರಾಕಿನ ಹಿಂದಿನ ಜಿಪ್ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ಕೊಟ್ಟೆ.

4 ಗಂಟೆ 5 ನಿಮಿಷಕ್ಕೆ ಫೋಟೋ ತೆಗೆಯುವುದು ಶುರುವಾಯಿತು. ಬಿಸಿಲು ಸರಿದ ಹಾಗೆ ಕಾರನ್ನೂ ಕೈಯಿಂದ ತಳ್ಳಿ ನಾಲ್ಕಾರು ಇಂಚು ಸರಿಸಬೇಕಾಗಿತ್ತು. ಹಾಗಾಗಿ ಗೇರು ನ್ಯೂಟ್ರಲಿನಲ್ಲೇ ಇತ್ತು. ಹ್ಯಾಂಡ್‌ಬ್ರೇಕಿನ ಹಳೇ ಕೇಬಲ್ ಸಡಿಲ. ಅದು ಕಾರನ್ನು ಹಿಡಿಯುತ್ತದೆ, ಆದರೆ ಭರವಸೆ ಕೊಡುವುದಿಲ್ಲ. ಎರಡು ಸಲ ಕಾರು ಸರಿಸಿದೆವು. ಎರಡು ಸಲವೂ ಅತ್ತೆ ‘ತೆಗೆದೆ’ ಎಂದರು, ‘ಇಟ್ಟೆ’ ಎಂದರು. ಎರಡು ಸಲವೂ ನಾನು ಮುಚ್ಚಳಕ್ಕೆ ಹೊಡೆದೆ. ಪಾರ್ಸೆಲ್ ಅಕ್ಕ ಸ್ಪ್ಯಾನರನ್ನು ಸೌಟಿನ ಹಾಗೆ ಹಿಡಿದಿದ್ದರು. ಅತ್ತೆ ಹೋಗಿ ಅವರ ಬೆರಳು ತಿದ್ದಿ, ಹೆಬ್ಬೆರಳು ಎಲ್ಲಿರಬೇಕೆಂದು ತೋರಿಸಿದರು. ಇಬ್ಬರೂ ಏನೋ ಮಾತಾಡಿ ನಕ್ಕರು. ಆ ನಗು ನೋಡಿ ನನ್ನ ಕೋಪ ಇಮ್ಮಡಿಯಾಯಿತು.

4 ಗಂಟೆ 52 ನಿಮಿಷಕ್ಕೆ ಫೋಟೋಗ್ರಾಫರ್ ಕಾರಿನ ಎಡಗಡೆಯಿಂದ ಒಂದು ಫೋಟೋ ತೆಗೆದರು. ಇಡೀ ಕಾರು, ಬಾನೆಟ್ಟಿನ ಮೇಲೆ ಬಾಗಿದ ಪಾರ್ಸೆಲ್ ಅಕ್ಕ, ಎರಡೂ ಚಕ್ರ ಅದರಲ್ಲಿವೆ. ಈ ಫೋಟೋದ ವಿಷಯ ಮುಂದೆ ಬರುತ್ತದೆ.

5 ಗಂಟೆ 12ಕ್ಕೆ ಫೋಟೋಗ್ರಾಫರ್ ನನ್ನ ಹತ್ತಿರ ಬಂದರು. ಇನ್ನು ಒಂದೇ ಒಂದು ಫೋಟೋ ಬಾಕಿ ಇದೆ, ಅದನ್ನು ಒಂದು ಸ್ಪರ್ಧೆಗೆ ಕಳಿಸಬೇಕು, ಸ್ಪರ್ಧೆಯವರು ತಿದ್ದಿದ ಫೋಟೋ ತೆಗೆದುಕೊಳ್ಳುವುದಿಲ್ಲ, ಬೇರೆ ಫೋಟೋಗಳಲ್ಲಿ ಆ ಕೆಂಪು ಮರವನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಳ್ಳುತ್ತೇನೆ, ಇದರಲ್ಲಿ ಅಳಿಸುವಂತಿಲ್ಲ, ಎರಡು ನಿಮಿಷ ಅದನ್ನು ತೆಗೆಯಿರಿ ಎಂದರು. ಹ್ಯಾಂಡ್‌ಬ್ರೇಕ್ ಹಾಕಿದೆಯಲ್ಲ ಎಂದೂ ಕೇಳಿದರು. ನಾನು ತಲೆಯಾಡಿಸಿದೆ.

5 ಗಂಟೆ 14 ನಿಮಿಷಕ್ಕೆ ಆ ಮರವನ್ನು ಹಗ್ಗ ಹಿಡಿದು ಎಳೆದು ತೆಗೆದವಳು ನಾನು.

ಅತ್ತೆ ಆಗ ಕಾರಿನ ಹಿಂದೆ ಡಿಕ್ಕಿಯ ಮುಚ್ಚಳ ಒರೆಸುತ್ತಿದ್ದರು. ನನಗೂ ಅವರಿಗೂ ಇದ್ದ ದೂರ ಒಂಬತ್ತು ಅಡಿ. ಅವರ ಬೆನ್ನು ನನ್ನ ಕಡೆಗಿತ್ತು. ‘ತೆಗೆದೆ’ ಎಂದು ನಾನು ಹೇಳಬೇಕಾಗಿತ್ತು. ಮೂರು ಅಕ್ಷರ. ಅದನ್ನು ಹೇಳಿದರೆ ಮಾತಾಡಿದ ಹಾಗಾಗುತ್ತಿತ್ತು. ಮಾತಾಡಿದರೆ ಸೋತ ಹಾಗಾಗುತ್ತಿತ್ತು. ಸ್ಪ್ಯಾನರಿನಿಂದ ಹೊಡೆಯಬಹುದಿತ್ತು. ಅದು ‘ಕೇಳಿದೆ’ ಎಂಬುದಕ್ಕೆ ಗುರುತು, ‘ತೆಗೆದೆ’ ಎಂಬುದಕ್ಕೆ ನಮ್ಮಲ್ಲಿ ಏಟಿನ ಗುರುತು ಇರಲಿಲ್ಲ. ನಾನು ಮರವನ್ನು ಪಂಪಿನ ಹಿಂದೆ ಒಯ್ದು ನೆಲದ ಮೇಲಿಟ್ಟು ಅಲ್ಲೇ ನಿಂತೆ. ಅದು ಕಾರಿನಿಂದ ಹನ್ನೆರಡು ಅಡಿ.

5 ಗಂಟೆ 20ಕ್ಕೆ, ಮುಂದಿನ ಚಕ್ರಗಳನ್ನು ಸ್ವಲ್ಪ ಹೊರಗೆ ತಿರುಗಿಸಿದರೆ ಚಿತ್ರಕ್ಕೆ ಕಳೆ ಬರುತ್ತದೆ ಎಂದು ಫೋಟೋಗ್ರಾಫರ್ ಅತ್ತೆಗೆ ಹೇಳಿದರು. ಈ ಕಾರಿನ ಸ್ಟೀರಿಂಗ್ ನಿಂತಲ್ಲಿ ತಿರುಗುವುದಿಲ್ಲ. ಬ್ರೇಕ್ ಬಿಟ್ಟು, ಕಾರಿನ ಭಾರವನ್ನು ಮರಕ್ಕೆ ಒರಗಿಸಿ, ಆಗ ತಿರುಗಿಸಬೇಕು. ನೂರು ಸಲ ಹಾಗೆ ಮಾಡಿದ್ದೇವೆ. ಅತ್ತೆಯ ಪ್ಯಾಂಟಿಗೆ ಎಣ್ಣೆ ಮೆತ್ತಿತ್ತು. ಸೀಟಿಗೆ ಹಾಕಿದ ಕೆನೆ ಬಣ್ಣದ ಹೊಸ ಬಟ್ಟೆ ಹಾಳಾಗುತ್ತದೆಂದು ಅವರು ಒಳಗೆ ಕೂರಲಿಲ್ಲ. ಹೊರಗೆ ನಿಂತು ಕಿಟಕಿಯಿಂದ ಕೈ ಹಾಕಿದರು. ಪಾರ್ಸೆಲ್ ಅಕ್ಕ ಬಂಪರಿಗೂ ಕಟ್ಟೆಗೂ ನಡುವೆ, ಎಡಗಾಲನ್ನು ಹಿಂದಕ್ಕೆ ಮಡಿಸಿ ಕಟ್ಟೆಯ ಮೇಲಿಟ್ಟು, ಬಲಗಾಲ ಮೇಲೆ ನಿಂತಿದ್ದರು. ಆ ಸಂದು 2 ಅಡಿ 9 ಇಂಚು. ಹೊರಗೆ ಬಾ ಎಂದು ಅತ್ತೆ ಅವರಿಗೆ ಹೇಳಲಿಲ್ಲ. ಮರ ಇದೆ ಎಂದು ಅವರ ಕಿವಿ ಹೇಳಿತ್ತು. ‘ಇಟ್ಟೆ’ ಆಗಿತ್ತು, ‘ತೆಗೆದೆ’ ಆಗಿರಲಿಲ್ಲ.

ಅತ್ತೆಯ ಕೈ ಬ್ರೇಕಿನ ಕಡೆಗೆ ಹೋಗುವುದನ್ನು ನಾನು ನೋಡಿದೆ. ಬಾಯಿ ತೆರೆದೆ. ಅತ್ತೆಯ ಮಟ್ಟಿಗೆ ಇಪ್ಪತ್ತು ಗಂಟೆ ನಲವತ್ತು ನಿಮಿಷ ಮುಚ್ಚಿದ್ದ ಬಾಯಿ. ಮೊದಲು ಬರೀ ಗಾಳಿ ಬಂತು. ಮಾತು ಬರುವಷ್ಟರಲ್ಲಿ ಕಾರು ಹೊರಟಿತ್ತು.

5 ಗಂಟೆ 21 ನಿಮಿಷ. ಕಾರು ಚಲಿಸಿದ್ದು 2 ಅಡಿ 4 ಇಂಚು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಕಾಲೂರಿ ಎಳೆದರು. ಒಂದೂವರೆ ಟನ್ನು ನಿಲ್ಲಲಿಲ್ಲ. ಪಾರ್ಸೆಲ್ ಅಕ್ಕನ ಬಲಗಾಲು ಮೊಣಕಾಲಿನ ಕೆಳಗೆ ಬಂಪರಿಗೂ ಕಟ್ಟೆಗೂ ಸಿಕ್ಕಿತು. ಅವರು ಕಿರುಚಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಬಾನೆಟ್ಟಿನ ಬಣ್ಣಕ್ಕೆ ಗೀರು ಬೀಳದಂತೆ ಮೆಲ್ಲಗೆ ಕೆಳಗಿಟ್ಟರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅತ್ತೆ ಹಿಂಚಕ್ರದ ಮುಂದಿನ ಖಾಲಿ ನೆಲವನ್ನು ನೋಡಿದರು. “ಮರ ಇತ್ತಲ್ಲ” ಎಂದರು. ಯಾರನ್ನೂ ಕೇಳಿದ್ದಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಅಂಥ ದನಿಯನ್ನು ಯಾರೂ ಕೇಳಿರಲಾರರು.

ನಾನು ಮರ ತಂದೆ. ಅತ್ತೆ, ಫೋಟೋಗ್ರಾಫರ್, ನಾನು ಮೂವರೂ ಕಾರನ್ನು ಹಿಂದಕ್ಕೆ ತಳ್ಳಿದೆವು, ನಾನು ಚಕ್ರದ ಮುಂದೆ ಮರ ಇಟ್ಟೆ. ‘ಇಟ್ಟೆ’ ಎಂದು ನಾನು ಹೇಳಲಿಲ್ಲ, ‘ಕೇಳಿದೆ’ ಎಂದು ಅವರೂ ಹೇಳಲಿಲ್ಲ. ಅತ್ತೆ ನನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಅಷ್ಟೇ ಸಾಕಾಯಿತು ಅವರಿಗೆ.

5 ಗಂಟೆ 38ಕ್ಕೆ ಆಂಬ್ಯುಲೆನ್ಸ್ ಹೋಯಿತು. ಫೋಟೋಗ್ರಾಫರ್ ಅದರ ಜೊತೆ ಹೋದರು. ಆಮೇಲೆ ಅತ್ತೆ ಮರ ಎಳೆದು, ಕಾರು ಮತ್ತೆ ಕಟ್ಟೆಗೆ ತಾಗುವಂತೆ ಬಿಟ್ಟರು. ಮರವನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ನನಗೆ ಹೇಳಿದ ಮಾತು ಇದು: “ಹೇಗೂ ಮಾತು ಬಿಟ್ಟಿದೀಯಲ್ಲ. ಇನ್ನೂ ಸ್ವಲ್ಪ ದಿನ ಹಾಗೇ ಇರು.”

5 ಗಂಟೆ 55ಕ್ಕೆ ಪೊಲೀಸರು ಬಂದರು. ತಾನು ಮರ ಇಡಲು ಮರೆತೆ ಎಂದು ಅತ್ತೆ ಹೇಳಿಕೆ ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ. ನೀನೇನಾದರೂ ನೋಡಿದೆಯಾ ಎಂದು ನನ್ನನ್ನು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಅನ್ಯಾಯದ ಎದುರು ತಲೆ ತಗ್ಗಿಸಬಾರದು ಎಂದು ಮೂರು ವರ್ಷದಿಂದ ಬೀದಿಗೆಲ್ಲ ಬೋಧಿಸಿದವಳು ನಾನು. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಪೇದೆಯವರು ಹೇಳಿದರು. ಬರೆಯಿರಿ ಎಂದೆ.

12ನೇ ತಾರೀಖು ಭಾನುವಾರ ಬೆಳಿಗ್ಗೆ 10ಕ್ಕೆ ಆಸ್ಪತ್ರೆಗೆ ಹೋದೆ. ಪಾರ್ಸೆಲ್ ಅಕ್ಕನ ಕಾಲಿನ ಎರಡೂ ಮೂಳೆ ಮುರಿದಿವೆ, ರಾಡು ಹಾಕಿದ್ದಾರೆ. ಕೂದಲ ಸುರುಳಿ ಇನ್ನೂ ಬಿಚ್ಚಿರಲಿಲ್ಲ. ನರ್ಸುಗಳು, ಪಕ್ಕದ ವಾರ್ಡಿನವರು, ನೆಲ ಒರೆಸುವವರು, ಎಲ್ಲರೂ ಸರದಿಯಲ್ಲಿ ಬಂದು ನೋಡಿ ಹೋದರಂತೆ. “ಅಂತೂ ಎಲ್ರೂ ನನ್ನೇ ನೋಡಿದ್ರು ಬಿಡು” ಎಂದು ನಕ್ಕರು. ನಗುವಾಗ ಹಾಸಿಗೆಯ ಕಬ್ಬಿಣದ ಅಂಚನ್ನು ಹಿಡಿದಿದ್ದರು. ನಾನು ಹೇಳಬೇಕೆಂದು ಹೋದದ್ದನ್ನು ಹೇಳದೆ ಹಿಂದಿರುಗಿದೆ.

13ನೇ ತಾರೀಖು ಸೋಮವಾರ ಮಧ್ಯಾಹ್ನ 12ಕ್ಕೆ ವರ್ಕ್‌ಶಾಪಿನ ಶಟರಿಗೆ ನೋಟೀಸು ಅಂಟಿಸಿದರು. ಸುರಕ್ಷತೆಯ ಕನಿಷ್ಠ ಕ್ರಮವನ್ನೂ ಪಾಲಿಸದ ಕಾರಣ ವಿಚಾರಣೆ ಮುಗಿಯುವವರೆಗೆ ಮುಚ್ಚಲಾಗಿದೆ, ಪರವಾನಗಿ ರದ್ದು ಮಾಡುವ ಬಗ್ಗೆ ತೀರ್ಮಾನ ಆಮೇಲೆ ಎಂದು ಅದರಲ್ಲಿದೆ. ಅಂಟಿಸಿದವನು ಅವಸರದಲ್ಲಿದ್ದ, ಒಂದು ಮೂಲೆ ಎದ್ದಿತ್ತು. ಅತ್ತೆ ಬಂದು ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಯಾಗಿ ಅಂಟಿಸಿದರು. ಅರೆಬರೆ ಕೆಲಸ ಕಂಡರೆ ಅವರಿಗೆ ಆಗುವುದಿಲ್ಲ. ಅಂಥವರನ್ನು ಈ ಕಾಗದ ಸುರಕ್ಷತೆ ಗೊತ್ತಿಲ್ಲದವರು ಎನ್ನುತ್ತದೆ. ಸುರಕ್ಷತೆಯ ಪಾಠವನ್ನು ಒಂದು ದಿನವೂ ತಪ್ಪಿಸದೆ ಕಲಿಸಿದವರು ಅವರು. ಕಲಿತೂ ತಪ್ಪಿದವಳು ನಾನು. ನೋಟೀಸು ಅಂಟಿಸಬೇಕಾದ ಶಟರು ಅದಲ್ಲ.

14ನೇ ತಾರೀಖು ಮಂಗಳವಾರ ಬೆಳಿಗ್ಗೆ 11 ಗಂಟೆ 30ಕ್ಕೆ ಅತ್ತೆಯನ್ನು ಸಹಿಗೆ ಕರೆಸಿದ್ದರು. ಜೊತೆಗೆ ನಾನೂ ಬಂದೆ. ಮೇಜಿನ ಮೇಲೆ ಫೋಟೋಗ್ರಾಫರ್ ಕೊಟ್ಟ 4 ಗಂಟೆ 52ರ ಫೋಟೋ ಇತ್ತು. ಶುರುವಿನಿಂದಲೂ ಮರ ಇರಲಿಲ್ಲ, ಬೇಕಾದರೆ ನೋಡಿ ಎಂದು ಅವರು ಹೇಳಿಕೆಯಲ್ಲಿ ಬರೆಸಿದ್ದಾರೆ. ಫೋಟೋದಲ್ಲಿ ಹಿಂಚಕ್ರದ ಮುಂದೆ ನೆಲ ಖಾಲಿ ಇದೆ. ಮರವನ್ನು ತೆಗೆಯಿರಿ ಎಂದು ತಾನು ಕೇಳಿದ್ದು ಎಲ್ಲೂ ಬರಬಾರದೆಂದು ಅವರು ಮರವನ್ನೇ ಇಲ್ಲವಾಗಿಸಿದ್ದಾರೆ. ಸ್ಪರ್ಧೆಗೆ ತಿದ್ದಿದ ಫೋಟೋ ಕೊಡಬಾರದಂತೆ. ಪೊಲೀಸರಿಗೆ ಕೊಡಬಹುದಂತೆ.

ಆದರೆ ಅವರು ನೆಲದ ಮೇಲಿನ ಮರವನ್ನು ಮಾತ್ರ ಅಳಿಸಿದ್ದಾರೆ. ಮರದ ಅರ್ಧ ಭಾಗ ಟೈರಿನ ಪಕ್ಕಕ್ಕೆ ಹೊರಗೆ ಚಾಚಿಕೊಂಡಿರುತ್ತದೆ, ಅದರ ಬಿಂಬ ವೀಲ್‌ಕಪ್ಪಿನಲ್ಲಿ ಬೀಳುತ್ತದೆ. ದಯವಿಟ್ಟು ಅದೇ ಫೋಟೋದಲ್ಲಿ ಹಿಂಚಕ್ರದ ವೀಲ್‌ಕಪ್ಪನ್ನು ಭೂತಗನ್ನಡಿ ಹಿಡಿದು ನೋಡಿ. ಅತ್ತೆ ಎರಡು ಗಂಟೆ ಉಜ್ಜಿದ ವೀಲ್‌ಕಪ್ಪು ಅದು. ಅದರ ಕೆಳಗಿನ ಅಂಚಿನಲ್ಲಿ, ಮುಂದಿನ ಮಗ್ಗುಲಿಗೆ, ಅಕ್ಕಿ ಕಾಳಿನಷ್ಟು ಕೆಂಪು ಇದೆ. ಅದರ ಬಾಲದಂತೆ ಹಗ್ಗದ ಗೆರೆ ಇದೆ. ನೆಲದ ಮೇಲೆ ಇಲ್ಲದ ಮರ ವೀಲ್‌ಕಪ್ಪಿನಲ್ಲಿ ಹೇಗೆ ಕಾಣುತ್ತದೆ ಎಂದು ಫೋಟೋಗ್ರಾಫರನ್ನು ಕರೆಸಿ ಕೇಳಬೇಕು. ಅಳಿಸದ ಮೂಲ ಫೋಟೋವನ್ನು ಅವರ ಕ್ಯಾಮರಾದಿಂದ ವಶಪಡಿಸಿಕೊಳ್ಳಬೇಕು. ನಾನು ಆ ಕೆಂಪನ್ನು ಅತ್ತೆಗೆ ತೋರಿಸಲು ಬೆರಳು ಚಾಚಿದೆ. ಅವರು ನನಗಿಂತ ಮೊದಲೇ ನೋಡಿದ್ದರು. ಫೋಟೋವನ್ನು ಮಗುಚಿ ಹಾಕಿ ಸಹಿ ಮಾಡಿದರು.

ಮನೆಗೆ ಬಂದ ಮೇಲೆ ನಾನು ಮಾತಾಡಿದೆ. ನಾಲ್ಕು ದಿನದ ಮೇಲೆ ಅವರೊಡನೆ ಆಡಿದ ಮೊದಲ ಮಾತು, ಸುಳ್ಳು ಹೇಳಿಕೆ ವಾಪಸು ತೆಗೆದುಕೊಳ್ಳಿ ಎಂಬುದು. ಅತ್ತೆ ಒಪ್ಪಲಿಲ್ಲ. “ನಂಗೆ ಐವತ್ನಾಲ್ಕು, ನಿಂಗೆ ಇಪ್ಪತ್ತೆರಡು. ಕೇಸು ಯಾರ ಮೇಲಿದ್ರೆ ಕಡಿಮೆ ಭಾರ, ನೀನೇ ತೂಗಿ ನೋಡು” ಎಂದರು. ನನ್ನನ್ನು ಉಳಿಸಲು ನೀವು ಮೂವತ್ತೊಂದು ವರ್ಷದ ಕೆಲಸಕ್ಕೆ ಮಸಿ ಬಳಿದಿದ್ದೀರಿ, ಆ ಕಾಡಿಗೆಯ ಕಲೆಗಿಂತ ಇದು ದೊಡ್ಡ ಸುಳ್ಳು, ನನಗೆ ಈ ಉಪಕಾರ ಬೇಡ ಎಂದು ನಾನು ಕೂಗಿದೆ. ಅತ್ತೆ ತಿರುಗಿ ಮಲಗಿದರು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಗೋಡೆಗೆ ಅಂಟಿಸಿದ್ದ ಚೀಟಿಯನ್ನು ನಾನು ಕಿತ್ತೆ. ಮೌನ ಆಯುಧ ಎಂದು ಅದರಲ್ಲಿ ಬರೆದಿತ್ತು. ಆಯುಧ ಯಾರ ಕಾಲಿನ ಮೇಲೆ ಬೀಳುತ್ತದೆ ಎಂದು ಬರೆದಿರಲಿಲ್ಲ.

ಈ ದಿನ 15ನೇ ತಾರೀಖು ಬುಧವಾರ ಬೆಳಿಗ್ಗೆ 8ಕ್ಕೆ ಆಸ್ಪತ್ರೆಗೆ ಹೋಗಿ ಪಾರ್ಸೆಲ್ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಕಾಲಿನ ಕಡೆ ನೋಡಿದರು. ಆಮೇಲೆ, “ಹೋಗಿ ಹೇಳ್ಬಿಟ್ಟು ಬಾ. ಬಂದ್ಮೇಲೆ ಬೈತೀನಿ” ಎಂದರು. ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ. ಬೆಳಿಗ್ಗೆಯೇ ಡಿಕ್ಕಿಯ ಬೀಗ ತೆಗೆದು ಜೊತೆಗೆ ತಂದಿದ್ದ ಕೆಂಪು ಮರದ ತುಂಡನ್ನು ಹಗ್ಗದ ಸಮೇತ ಮೇಜಿನ ಮೇಲೆ ಇಟ್ಟಿದ್ದೇನೆ. ಅದರ ಒಂದು ಮಗ್ಗುಲಲ್ಲಿ ಅಜ್ಜಿಯ ಟೈರಿನ ಅಚ್ಚು ಇದೆ. ಅತ್ತೆ ಮರ ಇಡಲು ಮರೆತರು ಎಂಬ ವಾಕ್ಯ ಈ ಠಾಣೆಯ ಯಾವ ಕಾಗದದಲ್ಲೂ ಉಳಿಯಬಾರದು. ಅವರು ಮರೆತಿಲ್ಲ. ಅಂದು ಮೂರು ಸಲ ಇಟ್ಟರು, ಮೂರು ಸಲ ಹೇಳಿದರು. ಅವರು ಮರ ಮುಚ್ಚಿಟ್ಟದ್ದು ತಪ್ಪು, ಅದನ್ನೂ ನಾನು ಮುಚ್ಚಿಟ್ಟಿಲ್ಲ. ಕೇಸು ನನ್ನ ಮೇಲೆ ದಾಖಲಾಗಲಿ. ತೆಗೆಯಲು ಕೇಳಿ, ಆಮೇಲೆ ಫೋಟೋ ತಿದ್ದಿ ಕೊಟ್ಟ ಫೋಟೋಗ್ರಾಫರಿನ ಮೇಲೂ ದಾಖಲಾಗಲಿ. ಶಟರಿನ ನೋಟೀಸು ತೆಗೆಯಲಿ.

ಅತ್ತೆ 9 ಗಂಟೆ 40ರಿಂದ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಾರೆ. ನನ್ನ ಹಿಂದೆಯೇ ಬಂದರು. ನನ್ನ ಕುರ್ಚಿಗೂ ಆ ಬೆಂಚಿಗೂ ಒಂಬತ್ತು ಅಡಿಗಿಂತ ಹೆಚ್ಚಿಲ್ಲ.

ಮೇಲೆ ಬರೆಸಿದ್ದರಲ್ಲಿ ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಮಾತ್ರ ಇದೆ. ಯಾರ ಒತ್ತಾಯಕ್ಕೂ ಹೇಳಿದ್ದಲ್ಲ, ಯಾರನ್ನು ಉಳಿಸಲೂ ಹೇಳಿದ್ದಲ್ಲ. ಇಷ್ಟೂ ಸತ್ಯ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 15, ಬುಧವಾರ, ಬೆಳಿಗ್ಗೆ 11 ಗಂಟೆ 50 ನಿಮಿಷ
ಸಹಿ: ಕಿಡಿ

ಸಹಿಯ ನಂತರ, ಹೇಳಿಕೆ ಕೊಟ್ಟವಳ ಕೋರಿಕೆಯಂತೆ ಸೇರಿಸಿದ್ದು: ಹೇಳಿಕೆಯನ್ನು ಓದಿ ಹೇಳುವಾಗ ಕೋಣೆಯ ಬಾಗಿಲು ತೆರೆದಿರಲಿ, ಗಟ್ಟಿಯಾಗಿ ಓದಿ ಎಂದು ಕೇಳಿಕೊಂಡೆ. ಪೇದೆಯವರು ಹಾಗೆಯೇ ಓದಿದರು. 5 ಗಂಟೆ 14 ನಿಮಿಷದ ವಾಕ್ಯ ಬಂದಾಗ ಅವರನ್ನು ತಡೆದು, ಬಾಗಿಲ ಕಡೆಗೆ ತಿರುಗಿ, ‘ತೆಗೆದೆ’ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಉತ್ತರ ಬರುವವರೆಗೆ ಮುಂದೆ ಓದಬೇಡಿ ಎಂದೆ. ಪೇದೆಯವರು ಗಡಿಯಾರ ನೋಡಿದರು. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು. ಆಮೇಲೆ ಬೆಂಚಿನ ಕಡೆಯಿಂದ ಅತ್ತೆಯ ದನಿ ಬಂತು.

“ಕೇಳಿದೆ.”